ದಂಡನಾಯಕನ ಸುತ್ತ ನಿಂತವರು

ಪ್ರಿಯ ಯುವ ಮಿತ್ರರಿಗೆ ವಂದನೆಗಳು.

ಸಿಂಧನೂರಿನಿಂದ ನೀವು ಕಳುಹಿಸಿದ ಹಸ್ತಪ್ರತಿಯನ್ನು ಬಳ್ಳಾರಿಗೆ ಬಂದ ದಿನವೇ ಓದಿ ಮುಗಿಸಿದೆ. ರಾಯಚೂರು ಕೋಟೆಯ ದಂಡನಾಯಕನೊಬ್ಬನ ದರ್ಪವನ್ನು ಕಥೆಯ ವಸ್ತುವಾಗಿ ಆರಿಸಿಕೊಂಡಿದ್ದೀರಿ, ಸಂತೋಷ. ಆದರೆ ನಿಮ್ಮ ದಂಡನಾಯಕ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮೀಸೆ ತಿರುವುತ್ತಾನೆ, ಗುಡುಗುತ್ತಾನೆ, ಲಾಯದ ಹುಡುಗನಿಗೆ ಚಾಟಿಯಿಂದ ಬಾರಿಸುತ್ತಾನೆ. ಇಷ್ಟು ಅರಚುವವನಿಗೆ ಓದುಗ ಹೆದರುವುದಿಲ್ಲ. ನಮ್ಮ ಕಡೆಯ ಬಯಲಾಟದಲ್ಲಿ ಆ ಅಬ್ಬರ ಒಪ್ಪುತ್ತದೆ, ಏಕೆಂದರೆ ಅಲ್ಲಿ ಅದನ್ನು ಹೊರಲು ಮದ್ದಳೆಯಿದೆ, ವೇಷವಿದೆ, ಕುಣಿತವಿದೆ. ಗದ್ಯದಲ್ಲಿ ಬರೀ ಗಂಟಲು ಉಳಿಯುತ್ತದೆ.

ವಿರಾಟಪರ್ವದ ಕೀಚಕನನ್ನು ಮತ್ತೊಮ್ಮೆ ನೋಡಿ. ಅವನು ಮತ್ಸ್ಯರಾಜ್ಯದ ಸೇನಾಪತಿ, ರಾಣಿ ಸುದೇಷ್ಣೆಯ ಒಡಹುಟ್ಟಿದವನು. ತನ್ನನ್ನು ಒಲ್ಲೆನೆಂದ ಸೈರಂಧ್ರಿಯನ್ನು, ಅಂದರೆ ವೇಷ ಮರೆಸಿಕೊಂಡ ದ್ರೌಪದಿಯನ್ನು, ಅಟ್ಟಿಸಿಕೊಂಡು ಬಂದು ರಾಜಸಭೆಯಲ್ಲೇ ಒದೆಯುತ್ತಾನೆ. ಒದೆತಕ್ಕಿಂತ ನನ್ನನ್ನು ಹೆಚ್ಚು ಕಾಡುವುದು, ನ್ಯಾಯ ಕೇಳಿದ ಆಕೆಗೆ ವಿರಾಟ ಕೊಡುವ ಉತ್ತರ. ನಿಮ್ಮಿಬ್ಬರ ಜಗಳ ನನ್ನ ಬೆನ್ನ ಹಿಂದೆ ಹುಟ್ಟಿದ್ದು, ನಿಜಸಂಗತಿ ತಿಳಿಯದೆ ನಾನೇನು ಹೇಳಲಿ ಎಂದು ಅವನು ಜಾರಿಕೊಳ್ಳುತ್ತಾನೆ. ಅವನ ಸಿಂಹಾಸನ ನಿಂತಿರುವುದೇ ಕೀಚಕನ ತೋಳಿನ ಮೇಲೆ. ಕೀಚಕ ಸತ್ತ ಮೇಲೂ, ಅವನ ತಮ್ಮಂದಿರಾದ ಉಪಕೀಚಕರು ಸೈರಂಧ್ರಿಯನ್ನು ಹೆಣದೊಡನೆ ಸುಡಲು ಅಪ್ಪಣೆ ಬೇಡಿದಾಗ, ಅವರ ಪರಾಕ್ರಮವನ್ನು ನೆನೆದು ಆ ಅಪ್ಪಣೆಯನ್ನೂ ಕೊಟ್ಟುಬಿಡುತ್ತಾನೆ. ನಿಮ್ಮ ಕಥೆಯಲ್ಲಿ ಇಂಥ ವಿರಾಟ ಯಾರೆಂದು ನಾನು ಹುಡುಕಿದೆ, ಸಿಗಲಿಲ್ಲ. ದಂಡನಾಯಕನನ್ನು ಸಹಿಸಿಕೊಂಡವರು ಏಕೆ ಸಹಿಸಿಕೊಂಡರು, ಅವನಿಂದ ಯಾರಿಗೆ ಏನು ಸಿಗುತ್ತಿತ್ತು ಎಂಬುದನ್ನು ನೀವು ಬರೆದೇ ಇಲ್ಲ. ಅವನನ್ನು ಸಮರ್ಥನನ್ನಾಗಿ ಮಾಡಲೂ ಹಿಂಜರಿದಿದ್ದೀರಿ. ಕೈಲಾಗದ ಜಂಬಗಾರನನ್ನು ಯಾವ ಅರಸನೂ ಬಹುಕಾಲ ಇಟ್ಟುಕೊಳ್ಳುವುದಿಲ್ಲ.

ರಾಯಚೂರು ಕೋಟೆಗೆ ಮತ್ತೆ ಹೋಗಿ, 1294ರ ಶಾಸನವಿರುವ ಬಂಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಉದ್ದ ಸುಮಾರು 41 ಅಡಿ. ಕೋಟೆ ಕಟ್ಟಿಸಿದ ಸೇನಾನಿ ವಿಠಲನಾಥನ ಹೆಸರು ಶಾಸನದಲ್ಲಿದೆ. ಗೋಡೆಯ ಮೇಲಿನ ಗೀರುಚಿತ್ರದಲ್ಲಿ ಬಂಡೆ ಹೇರಿದ ಬಂಡಿಯನ್ನು ಕೋಣಗಳ ಸಾಲು ಎಳೆಯುತ್ತಿದೆ, ಆಳುಗಳು ಜೊತೆಗಿದ್ದಾರೆ. ವಿಠಲನಾಥ ಎಂಥವನೆಂದು ನಾನು ತೀರ್ಪು ಕೊಡುತ್ತಿಲ್ಲ. ಆ ಕೋಣಗಳು ಯಾರ ಕೊಟ್ಟಿಗೆಯವು ಎಂದು ಕೇಳಿಕೊಂಡರೆ ನಿಮಗೆ ಕಥೆ ಸಿಗುತ್ತದೆ. ನಿಮ್ಮ ದಂಡನಾಯಕ ಚಾಟಿ ಎತ್ತುವ ಬದಲು, ಹಿಂಗಾರಿ ಜೋಳ ಬಿತ್ತುವ ಹದದಲ್ಲಿ ಊರಿನ ಎತ್ತುಗಳೆಲ್ಲ ಕೋಟೆಯ ಕೆಲಸಕ್ಕೆ ಬರಲೆಂದು ಊಟದ ನಡುವೆ ಮೆಲುದನಿಯಲ್ಲಿ ಹೇಳಿ, ಮತ್ತೆ ತುತ್ತು ಕಲಸಲಿ. ಗೌಡ ತಲೆಯಾಡಿಸಲಿ. ಆ ಎತ್ತುಗಳು ಎಂದು ಮರಳಿದವು, ಎಷ್ಟು ಮರಳಿದವು ಎಂಬುದನ್ನು ಮುಂದಿನ ಅಧ್ಯಾಯದಲ್ಲಿ ಲೆಕ್ಕ ಬರೆಯುವ ಶಾನುಭೋಗನ ಬಾಯಲ್ಲಿ ಹೇಳಿಸಿ.

ನಮ್ಮ ಬಳ್ಳಾರಿ ಕೋಟೆಯ ಐತಿಹ್ಯವನ್ನು ನೀವೂ ಕೇಳಿರಬಹುದು: ಹೈದರಾಲಿಗಾಗಿ ಫ್ರೆಂಚ್ ಇಂಜಿನಿಯರನೊಬ್ಬ ಕೋಟೆ ಕಟ್ಟಿದ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದೆಯೆಂದು ಆಮೇಲೆ ಅರಿವಾದಾಗ ಅವನನ್ನು ಗಲ್ಲಿಗೇರಿಸಲಾಯಿತು ಎನ್ನುತ್ತಾರೆ. ಇದು ನಡೆದದ್ದೋ ಕಟ್ಟಿದ್ದೋ, ಕಥೆಗಾರನಿಗೆ ಇದರಲ್ಲಿ ಬೇಕಾದದ್ದಿದೆ. ಗುಡ್ಡ ದಿನವೂ ಎಲ್ಲರ ಕಣ್ಣಿಗೆ ಬೀಳುತ್ತಿತ್ತಲ್ಲವೇ? ಕಲ್ಲು ಹೊತ್ತವರೂ ಕಾವಲಿನವರೂ ಬಾಯಿ ಬಿಡಲಿಲ್ಲವೆಂದರೆ, ಹೇಳಿದವರಿಗೆ ಏನಾಗುತ್ತದೆಂದು ಅವರು ಮೊದಲೇ ಕಂಡಿರಬೇಕು.

ಕೊನೆಯದಾಗಿ ನಿಮ್ಮ ಮುಕ್ತಾಯದ ಮಾತು. ದಂಡನಾಯಕ ಸತ್ತೊಡನೆ ಊರು ಹಬ್ಬ ಮಾಡುವಲ್ಲಿಗೆ ನಿಲ್ಲಿಸಿದ್ದೀರಿ. ಕೀಚಕ ಸತ್ತ ಸುದ್ದಿ ಹಬ್ಬಿದ ಮೇಲೆ, ಅವನ ಕೈಯಲ್ಲಿ ಮತ್ತೆ ಮತ್ತೆ ಸೋತಿದ್ದ ತ್ರಿಗರ್ತದ ಸುಶರ್ಮ ವಿರಾಟನ ಗೋವುಗಳ ಮೇಲೆ ದಂಡೆತ್ತಿ ಬಂದ, ವಿರಾಟ ಸೆರೆಯೂ ಸಿಕ್ಕ. ಹಬ್ಬದ ಅಧ್ಯಾಯವನ್ನು ಹಾಗೇ ಇರಿಸಿ, ಅದರ ಮುಂದೆ ಇನ್ನೊಂದನ್ನು ಬರೆದು ಕಳುಹಿಸಿ: ಗಡಿಯಾಚೆಯವರು ಆ ಸುದ್ದಿಯನ್ನು ಕೇಳಿಸಿಕೊಂಡದ್ದು.

ಇತಿ ನಿಮ್ಮ ಹಿತೈಷಿ