ಚೆಕ್ಕು ನಿಲ್ಲಿಸುವ ಮೊದಲು

ಕಾರವಾರ

ಪ್ರೀತಿಯ ಅಪ್ಪಿ,

ಹತ್ತನೇ ತಾರೀಖಿನ ಒಂದು ಲಕ್ಷದ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಕೊಡಬೇಕು, ಅಂದರೆ ಬ್ಯಾಂಕಿಗೆ ಹೇಳಿ ಹಣ ತಡೆಯಬೇಕು ಅಂತ ಕೂತಿದ್ದೀಯಂತೆ. ಅಕ್ಕ ಫೋನಿನಲ್ಲಿ ಹೇಳಿದಳು. ನಿನ್ನ ಸಿಟ್ಟು ತಪ್ಪು ಅನ್ನುವುದಿಲ್ಲ. ಆ ಕುಮಟಾದವನು ಮೂರು ಲಕ್ಷ ಹೇಳಿ ಅಡಿಕೆ ಸುಲಿಯುವ ಮಷಿನ್ ಕೊಟ್ಟ, ಅದು ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ಬದಲು ಒಡೆದು ಹಾಕುತ್ತಿದೆ. ಒಡೆದ ಅಡಿಕೆ ತಗೊಂಡು ವ್ಯಾಪಾರಿಗಳ ವಖಾರಿಗೆ ಹೋದರೆ ಅವರು ಮುಷ್ಟಿಯಲ್ಲಿ ಹಿಡಿದು ನೋಡಿ, ಮುಖ ಹುಳಿ ಮಾಡಿ, ದರ ಇಳಿಸುತ್ತಾರೆ. ಉರಿಯದೆ ಇರುತ್ತದಾ? ಆದರೂ ಸದ್ಯಕ್ಕೆ ಚೆಕ್ಕಿನ ತಂಟೆಗೆ ಹೋಗಬೇಡ. ಬ್ಯಾಂಕಿನ ಕ್ಲಿಯರಿಂಗ್ ಟೇಬಲ್ಲಿನಲ್ಲಿ ಕೂತು ರಿಟೈರಾದವನು ನಾನು. ಸ್ಟಾಪ್ ಪೇಮೆಂಟ್ ಕೊಟ್ಟು ನಿರಾಳವಾಗಿ ಹೋದವರು ಮತ್ತೆ ವಕೀಲರ ನೋಟಿಸು ಹಿಡಿದುಕೊಂಡು ಬರುವುದನ್ನು ಬೇಕಾದಷ್ಟು ನೋಡಿದ್ದೇನೆ.

ನಿಲ್ಲಿಸುವುದು ಸುಲಭವೇ. ಮೊಬೈಲಿನಲ್ಲಿ ಚೆಕ್ ನಂಬರ್ ಹಾಕಿದರೆ ಆಯಿತು, ಬ್ಯಾಂಕು ಒಂದಿಷ್ಟು ಚಾರ್ಜು ಮುರಿದುಕೊಳ್ಳುತ್ತದೆ. ಆದರೆ ನಿಲ್ಲುವುದು ಆ ಹಾಳೆ ಮಾತ್ರ, ಕೊಡಬೇಕಾದ ದುಡ್ಡು ನಿಲ್ಲುವುದಿಲ್ಲ. ಕುಮಟಾದವನು ಚೆಕ್ಕು ಹಾಕಿದಾಗ ‘ಚೆಕ್ಕು ಕೊಟ್ಟವರೇ ತಡೆದಿದ್ದಾರೆ’ ಅಂತ ಬರೆದ ಮೆಮೊ ಅವನ ಕೈಗೆ ಸಿಗುತ್ತದೆ. ಅವನಿಗೆ ಬೇಕಾದದ್ದು ಅದೊಂದೇ ಚೀಟಿ.

ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆದರೆ ಮಾತ್ರ ಕೇಸು, ನಾನಾಗಿ ತಡೆದರೆ ಏನೂ ಆಗುವುದಿಲ್ಲ ಅಂತ ನಿನ್ನ ಗೆಳೆಯ ಹೇಳಿದನಂತಲ್ಲ, ಅದು ಹಳೇ ಮಾತು. ಚೆಕ್ಕಿನ ಕಾಯ್ದೆ 1881ರದ್ದು. ಬೌನ್ಸ್ ಆದರೆ ಅಪರಾಧ ಅನ್ನುವ 138ನೇ ಕಲಂ ಜಾರಿಗೆ ಬಂದದ್ದು 1989ರ ಏಪ್ರಿಲ್‌ನಲ್ಲಿ. ಸ್ಟಾಪ್ ಪೇಮೆಂಟ್ ಕೂಡ ಅದರೊಳಗೇ ಬರುತ್ತದೆ ಅಂತ ಸುಪ್ರೀಂ ಕೋರ್ಟು 1998ರಲ್ಲೇ ಹೇಳಿಯಾಗಿದೆ. ಖಾತೆಯನ್ನೇ ಮುಚ್ಚಿದರೂ ಅಷ್ಟೇ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಒಂದು ಲಕ್ಷದ ಚೆಕ್ಕಿಗೆ ಎರಡು ಲಕ್ಷ ಆಗಬಹುದು ಅಂತ ಲೆಕ್ಕ ಹಾಕಿಕೊ. ಜೈಲಿನ ಮಾತು ಕೇಳಿ ಅಕ್ಕ ಹೆದರುತ್ತಾಳೆ, ಅವಳಿಗೆ ಇದನ್ನು ಓದಿ ಹೇಳಬೇಡ. ಇಂಥ ಕೇಸು ಎಷ್ಟೋ ರಾಜಿಯಲ್ಲೇ ಮುಗಿಯುತ್ತವೆ.

ನಿನಗೆ ನಿಜವಾಗಿ ಹೊಡೆತ ಬೀಳುವುದು ಓಡಾಟದಲ್ಲಿ. ಕೇಸು ನಡೆಯುವುದು ನಿನ್ನ ಶಿರಸಿಯಲ್ಲಲ್ಲ. 2015ರ ತಿದ್ದುಪಡಿಯ ಮೇಲೆ, ಚೆಕ್ಕು ತಗೊಂಡವನ ಖಾತೆ ಯಾವ ಊರಿನ ಶಾಖೆಯಲ್ಲಿದೆಯೋ ಅಲ್ಲಿಯ ಕೋರ್ಟಿಗೇ ಹೋಗಬೇಕು. ಅವನ ಖಾತೆ ಕುಮಟಾದ್ದು. ಅಂದರೆ ಪ್ರತಿ ತಾರೀಖಿಗೂ ದೇವಿಮನೆ ಘಾಟ್ ಇಳಿಯಬೇಕು. ಮಳೆಗಾಲದಲ್ಲಿ ಆ ರಸ್ತೆಯ ಪಾಡು ನಿನಗೆ ಗೊತ್ತೇ ಇದೆ. ಮೊದಲ ಸಲ ಜಾಮೀನಿಗೆ ಅಂತ ಪಹಣಿ ಹಿಡಿದುಕೊಂಡು ಬರುವವರನ್ನು ಹುಡುಕಬೇಕು. ಕೊನೆಗೆ ಭಾವನನ್ನೇ, ನಿನ್ನ ಅಪ್ಪನನ್ನೇ ಕರೆದುಕೊಂಡು ಹೋಗುತ್ತೀಯ. ಆ ವಯಸ್ಸಿನಲ್ಲಿ ಅವರು ಕೋರ್ಟಿನ ಬೆಂಚಿನ ಮೇಲೆ ಕೂರಬೇಕಾ? ಕೊಯ್ಲಿನ ಹೊತ್ತಿಗೇ ತಾರೀಖು ಬಿದ್ದರೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ನಿನಗೋಸ್ಕರ ಕಾಯುವುದಿಲ್ಲ. ಇದರ ಮೇಲೆ ವಕೀಲರ ಫೀಸು ಬೇರೆ. ನೀನು ತಪ್ಪಿಲ್ಲ ಅಂದರೂ, ಕೇಸು ಮುಗಿಯುವ ಮೊದಲೇ ಚೆಕ್ಕಿನ ಮೊತ್ತದ 20 ಪರ್ಸೆಂಟ್‌ವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ 2018ರಿಂದ ಕೋರ್ಟಿಗಿದೆ.

ಇನ್ನೊಂದು ವಿಷಯ, ಎಲ್ಲಕ್ಕಿಂತ ಮುಖ್ಯವಾದದ್ದು. ಚೆಕ್ಕಿನ ಮೇಲೆ ನಿನ್ನ ಸಹಿ ಇದ್ದರೆ, ಅದು ಕೊಡಬೇಕಾದ ಹಣಕ್ಕೇ ಕೊಟ್ಟದ್ದು ಅಂತ ಕಾನೂನು ಮೊದಲೇ ನಂಬಿಕೊಂಡು ಕೂತಿರುತ್ತದೆ. ಅಲ್ಲ ಅಂತ ತೋರಿಸುವ ಕೆಲಸ ನಿನ್ನದು. ನಮ್ಮ ಕರ್ನಾಟಕದ್ದೇ ಒಂದು ಕೇಸು 2010ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 45,000 ರೂಪಾಯಿಯ ಚೆಕ್ಕು. ಕೊಟ್ಟವನು ಸ್ಟಾಪ್ ಪೇಮೆಂಟ್ ಮಾಡಿಸಿ, ಚೆಕ್ಕು ಕಳೆದುಹೋಗಿತ್ತು ಅಂದ. ಆದರೆ ನೋಟಿಸು ಬಂದಾಗ ಉತ್ತರ ಕೊಡದೆ ಸುಮ್ನೆ ಇದ್ದ. ಆ ಸುಮ್ನಿರುವಿಕೆಯೇ ಅವನಿಗೆ ಮುಳುವಾಯಿತು. ನಿಜಕ್ಕೂ ಕಳೆದಿದ್ದರೆ ಆಗಲೇ ಹೇಳುತ್ತಿದ್ದನಲ್ಲ ಅಂತ ಕೋರ್ಟು ಕೇಳಿದಂತಾಯಿತು.

ಹಾಗಂತ ಸ್ಟಾಪ್ ಪೇಮೆಂಟೇ ಕೆಟ್ಟದ್ದು ಅನ್ನುತ್ತಿಲ್ಲ. ಚೆಕ್ ಬುಕ್ಕು ಕಳೆದರೆ ತಕ್ಷಣ ಮಾಡಿಸಬೇಕು, ಪೊಲೀಸರಿಗೂ ಬರೆದುಕೊಡಬೇಕು. ಈಗ ಕಾಯುವ ಹಾಗೂ ಇಲ್ಲ. 2025ರ ಅಕ್ಟೋಬರ್‌ನಿಂದ ಬೆಳಿಗ್ಗೆ ಹಾಕಿದ ಚೆಕ್ಕು ಅದೇ ದಿನ ಪಾಸಾಗುತ್ತದೆ. ಮಾಲು ಸರಿ ಇಲ್ಲ ಅನ್ನುವ ನಿನ್ನಂಥ ತಕರಾರಿಗೂ ದಾರಿ ಇದೆ. ತಡೆದ ದಿನ ಖಾತೆಯಲ್ಲಿ ಪೂರ್ತಿ ದುಡ್ಡಿತ್ತು, ತಡೆಯಲಿಕ್ಕೆ ಸರಿಯಾದ ಕಾರಣವೂ ಇತ್ತು, ಆ ಹಣ ಅವನಿಗೆ ಸಲ್ಲಬೇಕಾದದ್ದೇ ಆಗಿರಲಿಲ್ಲ ಅಂತ ತೋರಿಸಿದರೆ ಕೇಸು ಬಿದ್ದುಹೋಗುತ್ತದೆ. ಆದರೆ ತೋರಿಸಲಿಕ್ಕೆ ನಿನ್ನ ಹತ್ತಿರ ಏನಿದೆ ಹೇಳು? ಫೋನಿನಲ್ಲಿ ಬೈದದ್ದು ಬಿಟ್ಟರೆ ಒಂದು ಸಾಲು ಬರೆದು ಕಳಿಸಿದ್ದೀಯಾ?

ಹಾಗಾಗಿ ಮೊದಲು ಬರೆ. ಮಷಿನ್ ಬಂದ ದಿನ, ಬಿಲ್ಲಿನ ನಂಬರ್, ಗಂಟೆಗೆ ಎಷ್ಟು ಸುಲಿಯುತ್ತದೆ ಅಂತ ಅವನು ಹೇಳಿದ್ದ, ಈಗ ಎಷ್ಟು ಸುಲಿಯುತ್ತಿದೆ, ಎಷ್ಟು ಒಡೆಯುತ್ತಿದೆ. ಒಂದು ಚೀಲ ಅಡಿಕೆ ತೂಕ ಮಾಡಿ ಹಾಕಿ, ಹೊರಗೆ ಬಂದ ಒಡಕನ್ನು ಬೇರೆ ಮಾಡಿ ತೂಗಿ, ಪೂರ್ತಿ ವಿಡಿಯೋ ಮಾಡು. ಪಕ್ಕದ ಮನೆಯವರೂ ಎದುರಿಗಿರಲಿ. ರಿಪೇರಿ ಮಾಡಿಕೊಡು, ಇಲ್ಲವೇ ಮಷಿನ್ ವಾಪಸ್ ತಗೊ, ಅಲ್ಲಿಯವರೆಗೆ ಚೆಕ್ಕು ಹಾಕಬೇಡ ಅಂತ ಕೇಳು. ಅಂಚೆಯಲ್ಲೂ ಕಳಿಸು, ವಾಟ್ಸಾಪಿನಲ್ಲೂ ಹಾಕು. ಬೈಗುಳ ಬೇಡ, ಆ ಕಾಗದವನ್ನು ನಾಳೆ ಜಡ್ಜ್ ಓದಬಹುದು.

ಅವನು ದರದಲ್ಲಿ ಇಳಿದು, 60,000 ಕೊಟ್ಟರೆ ಸಾಕು ಅಂದ ಅಂತಿಟ್ಟುಕೊ. ಹಳೇ ಚೆಕ್ಕು ಕೈಗೆ ಬಂದ ಮೇಲೆಯೇ ಹೊಸದು ಕೊಡು. ಚೆಕ್ಕು ಅವನ ಹತ್ತಿರವೇ ಇಟ್ಟು ಅರ್ಧಂಬರ್ಧ ಹಣ ಕೊಡುವುದಾದರೆ ಇಷ್ಟು ಸಂದಿದೆ ಅಂತ ಚೆಕ್ಕಿನ ಮೇಲೇ ಬರೆಸು, ಹಣ ಬ್ಯಾಂಕಿನ ಮೂಲಕವೇ ಹೋಗಲಿ. ನಗದು ಕೊಟ್ಟರೆ ಆಮೇಲೆ ನೀನು ಕೊಟ್ಟೆ, ಅವನು ಇಲ್ಲ ಅಂದ ಅಂತಾಗುತ್ತದೆ. ನೀನು ಅವನಿಗೆ ಮೊದಲೇ ಕೊಟ್ಟಿರುವ ಎರಡನೇ ಚೆಕ್ಕಿಗೂ ಇದೇ ಮಾತು. ಅದರಲ್ಲಿ ತಾರೀಖು ಖಾಲಿ ಬಿಟ್ಟು ಕೊಟ್ಟಿದ್ದೀಯಂತೆ. ಖಾಲಿ ಚೆಕ್ಕಿಗೂ ಸಹಿ ಸಹಿಯೇ, ಅದನ್ನು ಮೊದಲು ವಾಪಸ್ ಕೇಳು.

ಅವನು ಯಾವುದಕ್ಕೂ ಬಗ್ಗದಿದ್ದರೆ ಕಾರವಾರದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬಹುದು, ಉಳಿದುಕೊಳ್ಳಲಿಕ್ಕೆ ನಮ್ಮ ಮನೆ ಇದೆ. ಆದರೆ ಊರವರ ಅಡಿಕೆಯನ್ನೂ ಬಾಡಿಗೆಗೆ ಸುಲಿದುಕೊಡುತ್ತಿದ್ದೀಯ ಅಂದರೆ ಇದು ವ್ಯಾಪಾರ ಅಂತ ಅವನ ವಕೀಲ ತಕರಾರು ತೆಗೆಯಬಹುದು. ಅದನ್ನು ನನ್ನ ಹತ್ತಿರ ಮುಚ್ಚಿಡಬೇಡ.

ಇಷ್ಟೆಲ್ಲ ಹೇಳಿದ ಮೇಲೂ ನೀನು ತಡೆದೇ ಬಿಟ್ಟೆ ಅಂದರೆ ಖಾತೆಯಿಂದ ಆ ಲಕ್ಷ ಮಾತ್ರ ತೆಗೆಯಬೇಡ. ಮೆಮೊ ಕೈಗೆ ಬಂದ 30 ದಿನದೊಳಗೆ ಅವನು ನೋಟಿಸು ಕೊಡಬೇಕು. ಅದು ನಿನಗೆ ಮುಟ್ಟಿದ 15 ದಿನದೊಳಗೆ ಹಣ ಕೊಟ್ಟರೆ ಕ್ರಿಮಿನಲ್ ಕೇಸು ಅಲ್ಲಿಗೇ ಮುಗಿಯುತ್ತದೆ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಅವನು ಕೋರ್ಟಿಗೆ ಹೋಗಬಹುದು. ಅಂಚೆಯವನು ಬಂದಾಗ ಮನೆಯಲ್ಲಿಲ್ಲ ಅನ್ನಿಸಿ ವಾಪಸ್ ಕಳಿಸುವ ಜಾಣತನ ಬೇಡ. ಬೇಕೆಂದೇ ತಗೊಳ್ಳದಿದ್ದರೆ ಮುಟ್ಟಿದೆ ಅಂತಲೇ ಲೆಕ್ಕ. ಸಹಿ ಮಾಡಿ ತಗೊ, ತಗೊಂಡ ದಿನವನ್ನು ಲಕೋಟೆಯ ಮೇಲೆ ಬರೆದಿಡು, ಅವತ್ತೇ ನನಗೆ ಫೋನ್ ಮಾಡು.

ಬಿಲ್ಲು, ಗ್ಯಾರಂಟಿ ಕಾರ್ಡು ಎರಡರದ್ದೂ ಹಿಂದೆ ಮುಂದೆ ಫೋಟೋ ತೆಗೆದು ಇವತ್ತು ರಾತ್ರಿಯೊಳಗೆ ಕಳಿಸು. ಅವನಿಗೆ ಹೋಗುವ ಕಾಗದದ ಕರಡು ನಾನು ಮಾಡಿಕೊಡುತ್ತೇನೆ. ಮಷಿನ್ನಿನ ಬ್ಲೇಡಿನ ಅಂತರ ಸರಿ ಇದೆಯಾ ಅಂತ ಯಾರಾದರೂ ತಿಳಿದವರಿಗೆ ಒಮ್ಮೆ ತೋರಿಸು. ನಾಲ್ಕು ತಿರುಪು ಬಿಗಿ ಮಾಡಿದರೆ ಸರಿಯಾಗುವ ರೋಗವಾಗಿದ್ದರೆ ನಾವಿಬ್ಬರೂ ಇಷ್ಟೆಲ್ಲ ತಲೆ ಕೆಡಿಸಿಕೊಂಡದ್ದು ದಂಡ.

ನಿನ್ನ ಮಾವ