ಮಳೆ ಅಳೆದ ಹುಡುಗಿಗೆ ಸೊನ್ನೆ ಯಾಕೆ, ಶಾಸಕರೇ?

ಮಾನ್ಯ ಶಾಸಕರೇ, ನಮಸ್ಕಾರ.

ಎರಡು ವರ್ಷದಿಂದ ಹೇಳುತ್ತಿದ್ದೇನೆ. ಶಾಲೆಯಲ್ಲಿ ಹೇಳಿದೆ, ಪೋಷಕರ ಸಭೆಯಲ್ಲಿ ಹೇಳಿದೆ, ಎರಡು ಸಲ ಅರ್ಜಿ ಕೊಟ್ಟೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ನಿಮಗೇ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ. ನಮ್ಮ ಮಕ್ಕಳು ಸಂಖ್ಯಾಶಾಸ್ತ್ರವನ್ನು, ಅಂದರೆ ಅಂಕಿಅಂಶದ ಲೆಕ್ಕವನ್ನು, ಕೈಯಾರೆ ಅಳೆದು, ಎಣಿಸಿ ಕಲಿಯಲು ಬಿಡಿ.

ನನ್ನ ಮಗಳು ಒಂಬತ್ತನೇ ಕ್ಲಾಸು. ಗಣಿತದ ಚಟುವಟಿಕೆಗೆ ಸ್ತಂಭಾಲೇಖ (ಬಾರ್ ಗ್ರಾಫ್) ಮಾಡಿ ತನ್ನಿ ಅಂದಿದ್ದರು. ಇವಳು ಅಜ್ಜನ ಮಳೆ ಪುಸ್ತಕ ತೆಗೆದಳು. ಕೊಡಗಿನಲ್ಲಿ ಕಾಫಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕ ಇರುತ್ತದೆ, ಬೆಳಗ್ಗೆ ಎದ್ದ ಕೂಡಲೇ ಮಳೆ ಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುವುದು. ಹಾಳೆಗೆ ಥಂಡಿ ಹಿಡಿದು ಇಂಕು ಹರಡಿತ್ತು. ಕರೆಂಟಿಲ್ಲದ ರಾತ್ರಿ, ಟಾರ್ಚ್ ಬೆಳಕಲ್ಲಿ ಅಜ್ಜ ಓದಿದರು, ಮೊಮ್ಮಗಳು ಬರೆದಳು. ಒಂದು ವಾರದ್ದು, ಸೆಂಟು ಬಿಟ್ಟು: 2, 3, 2, 4, 3, 2, 12. ಒಟ್ಟು 28, ಸರಾಸರಿ 4 ಇಂಚು. ಆಗ ಅವಳೇ ಕೇಳಿದಳು, "ಅಜ್ಜಾ, ಏಳರಲ್ಲಿ ಐದು ದಿನ ಮೂರು ಇಂಚು ದಾಟಿಯೇ ಇಲ್ಲ, ಮತ್ತೆ ಸರಾಸರಿ ನಾಲ್ಕು ಹೇಗಾಯ್ತು?" ಆ ಒಂದೇ ದಿನದ 12 ಇಂಚು ಸರಾಸರಿಯನ್ನು ಮೇಲಕ್ಕೆ ಎಳೆದಿತ್ತು. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವೆ ಸಿಗುವ ಮಧ್ಯಾಂಕ 3, ಜಾಸ್ತಿ ಸಲ ಬಂದ ರೂಢಿಬೆಲೆ 2. ಮೂರೂ ಆ ರಾತ್ರಿಯೇ ಅವಳ ತಲೆಗೆ ಹತ್ತಿದವು.

ಮಾರನೇ ದಿನ ಶಾಲೆಯಲ್ಲಿ ಅವಳ ಸ್ತಂಭಾಲೇಖದ ಹಾಳೆ ಮೇಲೆ ಕೆಂಪು ಗೀಟು. ಸೊನ್ನೆ! ಪುಸ್ತಕದಲ್ಲಿರುವ ಲೆಕ್ಕ ಅಲ್ಲವಂತೆ. ಅಂಗಡಿಯಿಂದ ರೆಡಿ ಚಾರ್ಟ್ ತಂದು ಅಂಟಿಸಿದವರಿಗೆ ಪೂರ್ತಿ ಅಂಕ. ಮಗು ಆ ಹಾಳೆ ಮಡಚಿ ಬ್ಯಾಗಿನ ತಳಕ್ಕೆ ತುರುಕಿಕೊಂಡು ಬಂದಳು, ರಾತ್ರಿ ಊಟ ಮಾಡಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ಉರಿಯುತ್ತಿದೆ.

ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗೇ ಅಂಕ ಇದೆ, ಆ ನಿಯಮ ನಿಮಗೆ ಗೊತ್ತು. ಬರೀ ಮೇಷ್ಟ್ರನ್ನು ಬೈದರೆ ಆಗಲ್ಲ, ಅವರಿಗೂ ಸಿಲಬಸ್ ಮುಗಿಸುವ ಅವಸರ, ಮಧ್ಯೆ ಮಳೆ ರಜೆ, ಮೇಲಿಂದ ಸಮೀಕ್ಷೆ ಕೆಲಸ. ಊರೆಲ್ಲ ಸುತ್ತಿ ಅಂಕಿಅಂಶ ತರಲು ಅವರೇ ಬೇಕು, ಅದನ್ನೇ ಮಕ್ಕಳಿಗೆ ಕಲಿಸಲು ಒಂದು ಪಿರಿಯಡ್ ಇಲ್ಲ ಅಂದರೆ ಇದು ಯಾವ ನ್ಯಾಯ ಸಾರ್?

ನಮ್ಮ ಜಿಲ್ಲೆಯಲ್ಲೇ ಜೋರು ಮಳೆಯ ಭಾಗಮಂಡಲದ ಲೆಕ್ಕವೇ ಬೇರೆ, ಮಳೆ ಕಡಿಮೆ ಇರುವ ಕುಶಾಲನಗರದ್ದೇ ಬೇರೆ. ಎರಡೂ ಕಡೆಯ ಮಕ್ಕಳು ತಿಂಗಳಿಡೀ ಅಳೆದು ಲೆಕ್ಕ ಅದಲುಬದಲು ಮಾಡಿಕೊಳ್ಳಲಿ. ಜಿಲ್ಲೆಯ ಸರಾಸರಿ ಅನ್ನುವುದು ಏನನ್ನು ಹೇಳುತ್ತದೆ, ಏನನ್ನು ಮುಚ್ಚುತ್ತದೆ ಅಂತ ಅವರಿಗೇ ಗೊತ್ತಾಗುತ್ತದೆ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದ ಮಕ್ಕಳು ಇವರು, ಸುಮ್ನೆ ಅಲ್ಲ.

ಪ್ರತಿ ಪ್ರೌಢಶಾಲೆಗೆ ಒಂದು ಮಳೆ ಮಾಪಕ, ವಾರಕ್ಕೆ ಒಂದು ಪಿರಿಯಡ್ ಕೊಡಿಸಿ. ಜೂನ್ 29, ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಹುಟ್ಟಿದ ದಿನ, ದೇಶದಲ್ಲಿ ಸಂಖ್ಯಾಶಾಸ್ತ್ರ ದಿನ. ನಮ್ಮಲ್ಲಿ ಮಳೆಗಾಲವೂ ಹೌದು. ಅವತ್ತೇ ಶುರು ಮಾಡಿಸಿ. ದುಡ್ಡಿಲ್ಲ ಅಂದರೆ ಮೇಲಿಂದ ಕೆಳಗೆ ಒಂದೇ ಅಗಲ ಇರುವ ಡಬ್ಬಿ, ಒಂದು ಸ್ಕೇಲ್ ಸಾಕು, ನಾವೇ ತಂದುಕೊಡುತ್ತೇವೆ. ಮಕ್ಕಳು ಕೈಯಾರೆ ಅಳೆದು ಕಲಿಯಲು ಬಿಡಿ, ಹಾಗೆ ಕಲಿತದ್ದಕ್ಕೆ ಅಂಕ ಕೊಡಿಸಿ.

ಆ ಮಡಚಿದ ಹಾಳೆ ನನ್ನ ಹತ್ತಿರ ಇದೆ. ನೀವು ನಮ್ಮ ಊರಿಗೆ ಬಂದ ದಿನ ತಂದು ತೋರಿಸುತ್ತೇನೆ.

ಇಂತಿ,
ಒಬ್ಬ ತಾಯಿ, ಮಡಿಕೇರಿ ತಾಲೂಕು