ನಿದ್ದೆ ಬಂದರೆ ಕಾಯಿಲೆ ವಾಸಿಯಾದಂತಲ್ಲ

ಮಾನ್ಯ ಸಂಪಾದಕರೇ,

ಗದಗ-ಬೆಟಗೇರಿಯಲ್ಲಿ ಔಷಧ ಅಂಗಡಿ ನಡೆಸುವ ನನಗೆ ತಿಂಗಳಿಗೊಮ್ಮೆಯಾದರೂ ಎದುರಾಗುವ ಸಂಗತಿಯಿದು. ಹೋದ ವಾರ ರೋಣ ತಾಲ್ಲೂಕಿನ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದಿಂದ ಚೀಟಿಯೊಂದನ್ನು ತೆಗೆದು, ಮಡಿಕೆಯಲ್ಲಿ ಹರಿಯದಂತೆ ಮೆಲ್ಲಗೆ ಕೌಂಟರ್ ಮೇಲೆ ಹರವಿದರು. ಮಗನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ. ಚೀಟಿಯಲ್ಲಿ ಆ ಕಾಯಿಲೆಗೆ ಓಲಾಂಜಪಿನ್, ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಹಾಗೂ ಹದಿನೈದು ದಿನಕ್ಕೆಂದು ಬರೆದ ಒಂದು ನಿದ್ರೆ ಗುಳಿಗೆ ಇದ್ದವು. ಅವರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದೊಂದ ಕೊಡ್ರಿ, ಉಳದೂವು ಬ್ಯಾಡ. ಇದಕ್ಕ ಮಲಗತಾನ, ಅವಕ್ಕ ಬರೇ ದಪ್ಪ ಆಗತಾನ" ಎಂದರು. ಚೀಟಿಗೆ ಎಂಟು ತಿಂಗಳಾಗಿತ್ತು.

ಅವರ ಮಾತನ್ನು ತಿಳಿಗೇಡಿತನವೆಂದು ತಳ್ಳಿಹಾಕಲಾಗದು. ಯಾರಿಗೂ ಕೇಳದ ದನಿಗಳಿಗೆ ಉತ್ತರ ಕೊಡುತ್ತ ರಾತ್ರಿಯಿಡೀ ಅಂಗಳದಲ್ಲಿ ತಿರುಗುವ ಮಗ ಒಂದು ಗುಳಿಗೆಗೆ ಮಲಗಿದರೆ, ಹೆತ್ತವರಿಗೆ ಅದೇ ನಿಜವಾದ ಔಷಧವಾಗಿ ಕಾಣುತ್ತದೆ. ಮಿದುಳಿನ ವಿಜ್ಞಾನವೂ ಮೇಲ್ನೋಟಕ್ಕೆ ಅವರ ಪರವಾಗಿಯೇ ಮಾತನಾಡುತ್ತದೆ. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್‌ನಿಂದಲೇ ತಯಾರಾಗಿ, ಅವೇ ಕೋಶಗಳನ್ನು ತಣಿಸುವ ರಾಸಾಯನಿಕವೇ ಗಾಬಾ. ತೀರಿಹೋದ ಸ್ಕಿಜೋಫ್ರೇನಿಯಾ ರೋಗಿಗಳ ಮಿದುಳಿನ ಮುಂಭಾಗವನ್ನು ಪರೀಕ್ಷಿಸಿದ ಹಲವು ಅಧ್ಯಯನಗಳಲ್ಲಿ, ಗಾಬಾ ತಯಾರಿಸುವ ಕಿಣ್ವವು ಕೆಲವು ಕೋಶಗಳಲ್ಲಿ ತಗ್ಗಿರುವ ಸೂಚನೆಗಳು ಕಂಡುಬಂದಿವೆ. ಡಯಜೆಪಾಂ, ಲೊರಾಜೆಪಾಂ ಮೊದಲಾದ, ಬೆಂಜೊಡಯಜೆಪೈನ್ ಎಂಬ ಗುಂಪಿನ ನಿದ್ರೆ ಗುಳಿಗೆಗಳು ಗಾಬಾದ ಕೆಲಸಕ್ಕೇ ಬಲ ಕೊಡುತ್ತವೆ. ಹಾಗಾದರೆ ಕೊರತೆ ತುಂಬಿದಂತಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬೇಕು. ಡಿಪ್ಲೊಮಾ ಓದುವಾಗ ನನಗೂ ಹಾಗೆಯೇ ಅನ್ನಿಸಿತ್ತು.

ಆದರೆ ಅಲ್ಲಿ ಕೆಡುವುದು ಗಾಬಾದ ಒಟ್ಟು ಪ್ರಮಾಣವಷ್ಟೇ ಅಲ್ಲ, ಅದರ ಲಯ. ಸೆಕೆಂಡಿಗೆ 30ರಿಂದ 80ರಷ್ಟು ಬಾರಿ ಮಿಡಿಯುವ, ಗಾಮಾ ಎಂಬ ಮಿದುಳಿನ ವಿದ್ಯುತ್ ತರಂಗಗಳಿಗೆ ತಾಳ ಹಾಕುವ ಗಾಬಾ ಕೋಶಗಳು ಸೊರಗುವುದೇ ಯೋಚನೆಯ ಎಳೆ ತಪ್ಪಲು ಒಂದು ಕಾರಣವಿರಬೇಕೆಂದು ಸಂಶೋಧಕರು ಭಾವಿಸುತ್ತಾರೆ. ಭಜನೆಯಲ್ಲಿ ತಾಳದವನು ತಪ್ಪಿದಾಗ ಇಡೀ ಮೇಳದ ದನಿ ತಗ್ಗಿಸಿದರೆ ಗದ್ದಲ ಕಡಿಮೆಯಾದೀತು, ತಾಳ ಕೂಡುವುದಿಲ್ಲ. ನಿದ್ರೆ ಗುಳಿಗೆ ಮಾಡುವುದು ಅಷ್ಟನ್ನೇ. ಭ್ರಮೆ, ಸಂಶಯ, ಕಿವಿಯೊಳಗಿನ ದನಿಗಳನ್ನು ಇಳಿಸುವ ಔಷಧಗಳು, 1952ರಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್‌ನಿಂದ ಹಿಡಿದು ಇಂದಿನ ಓಲಾಂಜಪಿನ್‌ವರೆಗೆ, ಮುಖ್ಯವಾಗಿ ಡೋಪಮೈನ್ ಎಂಬ ಮಿದುಳಿನ ಇನ್ನೊಂದು ರಾಸಾಯನಿಕ ಬಂದು ಅಂಟುವ ತಾಣಗಳನ್ನು (ಗ್ರಾಹಕಗಳನ್ನು) ತಡೆದೇ ಕೆಲಸ ಮಾಡುತ್ತವೆ, ಮತ್ತು ಅವುಗಳ ಪೂರ್ಣ ಗುಣ ತಿಳಿಯಲು ನಾಲ್ಕಾರು ವಾರ ಬೇಕು. ನಿದ್ರೆ ಗುಳಿಗೆಗಾದರೋ ಅರ್ಧ ಗಂಟೆ ಸಾಕು. ಬೇಗ ಫಲ ಕೊಟ್ಟದ್ದನ್ನೇ ಜನ ನಂಬುತ್ತಾರೆ.

ಹಾಗೆಂದು ಈ ಗುಳಿಗೆಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ರೋಗಿ ತೀರಾ ಉದ್ರಿಕ್ತನಾದಾಗ ಕೆಲವು ದಿನ ಅವು ಬೇಕು. ಕೆಟಟೋನಿಯಾದಲ್ಲಂತೂ, ಎಂದರೆ ರೋಗಿ ಮಾತು, ಊಟ ಬಿಟ್ಟು ಕೊರಡಿನಂತೆ ಕುಳಿತಾಗ, ಲೊರಾಜೆಪಾಂ ಚುಚ್ಚುಮದ್ದು ಕೊಟ್ಟ ಕೆಲವೇ ತಾಸಿನಲ್ಲಿ ಆತ ನೀರು ಕೇಳುವುದುಂಟು. ತೊಂದರೆಯಿರುವುದು ದಿನಗಳು ವರ್ಷಗಳಾಗುವುದರಲ್ಲಿ. ಅಭ್ಯಾಸವಾದ ಮೇಲೆ ಅಷ್ಟೇ ಪ್ರಮಾಣ ಸಾಲದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಫಿನ್ಲೆಂಡಿನಲ್ಲಿ 2588 ಸ್ಕಿಜೋಫ್ರೇನಿಯಾ ರೋಗಿಗಳ ದಾಖಲೆ ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಬೆಂಜೊಡಯಜೆಪೈನ್ ಸೇವಿಸುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚೂಕಡಿಮೆ ಇಮ್ಮಡಿ ಇದ್ದುದನ್ನು ತೋರಿಸಿತು. ಗುಳಿಗೆಯೇ ಕಾರಣವೆಂದು ಅದರಿಂದ ಸಿದ್ಧವಾಗದು, ಆದರೆ ಎಚ್ಚರಕ್ಕೆ ಅಷ್ಟು ಸಾಕು.

ಡಯಜೆಪಾಂ, ಆಲ್ಪ್ರಜೋಲಾಂನಂಥವು 2014ರ ಮಾರ್ಚ್‌ನಿಂದ, ವೈದ್ಯರ ಚೀಟಿಯಿದ್ದರಷ್ಟೇ ಮಾರಬೇಕಾದ ಔಷಧಗಳ ಎಚ್-1 ಅನುಸೂಚಿಯಲ್ಲಿವೆ. ಮಾರಿದಾಗಲೆಲ್ಲ ವೈದ್ಯರ ಮತ್ತು ರೋಗಿಯ ಹೆಸರು, ಪ್ರಮಾಣ ಬರೆದಿಟ್ಟು, ಆ ವಹಿಯನ್ನು ಮೂರು ವರ್ಷ ಕಾಯ್ದಿಡಬೇಕು. ನಮ್ಮ ವೃತ್ತಿಯಲ್ಲಿ ಎಲ್ಲರೂ ಇದನ್ನು ಪಾಲಿಸುತ್ತಾರೆಂದು ಹೇಳುವ ಧೈರ್ಯ ನನಗಿಲ್ಲ. ಅಂಗಡಿ ಇಟ್ಟ ಹೊಸದರಲ್ಲಿ, ಪರಿಚಯದವರೆಂಬ ದಾಕ್ಷಿಣ್ಯಕ್ಕೆ ನಾನೂ ಚೀಟಿಯಿಲ್ಲದೆ ಒಂದೆರಡು ಪಟ್ಟಿ ಕೊಟ್ಟವನೇ.

ಆರೋಗ್ಯ ಇಲಾಖೆಯಲ್ಲಿ ನನ್ನ ಬೇಡಿಕೆ ಸಣ್ಣದು. ಮಾನಸಿಕ ಕಾಯಿಲೆಯ ಚೀಟಿಯಲ್ಲಿ ಯಾವ ಗುಳಿಗೆ ಕಾಯಿಲೆಗೆ, ಯಾವುದು ನಿದ್ದೆಗೆ, ನಿದ್ದೆಯದನ್ನು ಎಷ್ಟು ದಿನಕ್ಕೆ ಹೇಗೆ ಇಳಿಸಬೇಕು ಎಂಬುದನ್ನು ಕನ್ನಡದಲ್ಲಿ ಬರೆಯುವುದು ಕಡ್ಡಾಯವಾಗಲಿ. ಮಗ ದಪ್ಪಗಾಗುತ್ತಿದ್ದರೆ ಬೇರೆ ಔಷಧ ಬದಲಿಸಿ ಕೊಡಬಹುದೆಂಬುದನ್ನೂ ಆ ಹಿರಿಯರಿಗೆ ಯಾರೂ ಹೇಳಿರಲಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆಂದು ತಿಳಿಸಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯ ಹಿಂದೆ ಬರೆದುಕೊಟ್ಟೆ. ಗುಳಿಗೆ ಕೊಡಲಿಲ್ಲ. ಅವರು ಚೀಟಿ ಮಡಚಿಕೊಂಡು, ಎದುರಿನ ಸಾಲಿನ ಇನ್ನೊಂದು ಅಂಗಡಿಯತ್ತ ನಡೆದರು.

ಇತಿ,
ಓರ್ವ ಔಷಧ ವ್ಯಾಪಾರಿ, ಗದಗ-ಬೆಟಗೇರಿ